ವಯನಾಡಿನ ದಫ್ತರಗಳು

ವಯನಾಡಿನ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ತೊಡಕಾಗುವುದು ಕಾಗದಪತ್ರಗಳು. ಮದ್ರಾಸು ಪ್ರಾಂತದ ಮಲಬಾರಿಗೆ ಸೇರಿದ್ದ ಈ ನಾಡು 1956ರಲ್ಲಿ ಕೇರಳಕ್ಕೆ ಬಂದಿತು. ತರುವಾಯ ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಿಗೆ ಹಂಚಿಹೋಗಿ, 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆದುದರಿಂದ ಕಲ್ಪೆಟ್ಟದಲ್ಲಿ ದೊರೆಯದ ಹಳೆಯ ಕಡತವನ್ನು ಅರಸಿ ಘಟ್ಟವಿಳಿದು ಕೋಳಿಕ್ಕೋಡಿನ ಪ್ರಾದೇಶಿಕ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ.

ಉಳಿದುದಕ್ಕೆ ಮಳೆಯೇ ಶತ್ರು. ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ನೆಲದಿಂದ ಗೆದ್ದಲು ಏರುತ್ತದೆ. ಕಪಾಟನ್ನು ಗೋಡೆಗೆ ತಾಗಿಸದೆ, ನೆಲದಿಂದ ಗೇಣೆತ್ತರದಲ್ಲಿ ಇಡಬೇಕು. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕುವುದು ನಮ್ಮಲ್ಲಿ ರೂಢಿ, ಅದು ತಪ್ಪು. ಹಾಳೆಗಳ ನಡುವೆ ಒತ್ತುಕಾಗದವಿಟ್ಟು, ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸತಕ್ಕದ್ದು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವ ಗುಮಾಸ್ತರು ಗೆದ್ದಲಿಗಿಂತ ಕಡಮೆಯವರಲ್ಲ!

ಕಪಾಟಿನ ಜಾಗರೂಕತೆಗೂ ಮಿತಿಯುಂಟು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದಾಗ ಮನೆಗಳೊಡನೆ ಆಧಾರಪತ್ರ, ಪಡಿತರ ಚೀಟಿ, ಅಂಕಪಟ್ಟಿಗಳೂ ಕೊಚ್ಚಿಹೋದುವು. ವೆಳ್ಳಾರ್‌ಮಲೆಯ ಸರಕಾರಿ ಶಾಲೆಯೂ ಹಾಳಾಯಿತು. ಆಗಸ್ಟಿನಲ್ಲಿ ಶಿಬಿರಗಳನ್ನು ನಡೆಸಿ ನಕಲುಗಳನ್ನು ಕೊಡಲು ಸಾಧ್ಯವಾದುದು ಆ ಮಾಹಿತಿ ಬೇರೆಡೆಯೂ ಇದ್ದುದರಿಂದ.

ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳಿಗೆ ಆ ಭಾಗ್ಯವಿಲ್ಲ. ವಯನಾಡಿನ ಕನ್ನಡ ಮನೆಮಾತಿನ ಜೈನ ಮನೆತನಗಳಾಗಲಿ, ಹಾಡಿಗಳ ಮಕ್ಕಳಾಗಲಿ, ಅವರ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು ಒಂದೇ ಸಾಲಿನಲ್ಲಿ ಸಿಗುವುದು ಅಲ್ಲಿಯೇ. ಹಲವೆಡೆ ಪ್ರತಿ ಒಂದೇ. ಬರುವ ಮಳೆಗಾಲಕ್ಕೆ ಮುನ್ನ ಅವುಗಳ ಛಾಯಾಪ್ರತಿ ತೆಗೆಯಿಸಿ, ಬೇರೆ ಊರಿನ ಶಾಲೆಯೊಂದರಲ್ಲಿ ಇರಿಸುವ ಏರ್ಪಾಡನ್ನು ಅಧ್ಯಾಪಕ ಬಂಧುಗಳು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ.