ತಪ್ಪೊಪ್ಪಿಗೆಯ ಚೌಕಾಸಿ: ನ್ಯಾಯವೋ, ರಾಜಿಯೋ?

ನ್ಯಾಯಾಲಯದಲ್ಲಿ ಚೌಕಾಸಿಗೆ ಎಡೆಯುಂಟೇ? ಆರೋಪಿಯು ತಪ್ಪನ್ನು ಒಪ್ಪಿಕೊಂಡು, ಅದಕ್ಕೆ ಬದಲಾಗಿ ಕಡಿಮೆ ಶಿಕ್ಷೆ ಪಡೆಯುವ ಏರ್ಪಾಡಿಗೆ 'ಪ್ಲೀ ಬಾರ್ಗೇನಿಂಗ್' ಎಂದು ಹೆಸರು. ಇದು ಆಳವಾಗಿ ಬೇರೂರಿದ್ದು ಅಮೆರಿಕದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟ್ 1970ರ ಬ್ರಾಡಿ ಮೊಕದ್ದಮೆಯಲ್ಲಿ ಇಂಥ ತಪ್ಪೊಪ್ಪಿಗೆಗೆ ಮನ್ನಣೆ ನೀಡಿತು.

ಈ ಪದ್ಧತಿಯ ಕಠೋರ ಮುಖ ಕಂಡದ್ದು 1978ರ ಹೇಸ್ ಮೊಕದ್ದಮೆಯಲ್ಲಿ. ಕೆಂಟುಕಿಯ ಹೇಸ್ ಮೇಲಿದ್ದುದು 88 ಡಾಲರ್ 30 ಸೆಂಟ್‌ಗಳ ಖೋಟಾ ಚೆಕ್ಕಿನ ಆರೋಪ. ತಪ್ಪೊಪ್ಪಿಕೊಂಡರೆ 5 ವರ್ಷದ ಶಿಕ್ಷೆಗೆ ಶಿಫಾರಸು, ಇಲ್ಲವಾದರೆ ಹಳೆಯ ಅಪರಾಧಗಳನ್ನೂ ಸೇರಿಸಿ ಇನ್ನೂ ಕಠಿಣವಾದ ಆರೋಪ ಎಂದರು ಸರ್ಕಾರಿ ವಕೀಲರು. ಆತ ಒಪ್ಪಲಿಲ್ಲ. ಜೀವಾವಧಿ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು.

ನಮ್ಮ ಸುಪ್ರೀಂ ಕೋರ್ಟಿನ ನಿಲುವು ಇದಕ್ಕೆ ವಿರುದ್ಧವಾಗಿತ್ತು. 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, 1980ರಲ್ಲಿ ನ್ಯಾಯಮೂರ್ತಿ ಭಗವತಿ ಆಹಾರ ಕಲಬೆರಕೆಯ ಮೊಕದ್ದಮೆಗಳಲ್ಲಿ ಈ ಪದ್ಧತಿಯನ್ನು ಖಂಡಿಸಿದರು. ದೀರ್ಘ ವಿಚಾರಣೆಗೆ ಅಂಜಿ ನಿರಪರಾಧಿಯೂ ತಪ್ಪೊಪ್ಪಿಕೊಳ್ಳಬಹುದು ಎಂಬುದು ಅವರಲ್ಲಿ ಭಗವತಿಯವರ ಆತಂಕ. ಕರ್ನಾಟಕದಿಂದ ಹೋದ ತಿಪ್ಪೇಸ್ವಾಮಿ ಮೊಕದ್ದಮೆಯದೂ ಇದೇ ಜಾಡು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪವನ್ನು ಒಪ್ಪಿಕೊಂಡವನಿಗೆ ಕೆಳ ನ್ಯಾಯಾಲಯ ದಂಡವನ್ನಷ್ಟೇ ವಿಧಿಸಿತ್ತು. ಹೈಕೋರ್ಟ್ ಸೆರೆವಾಸವನ್ನು ಸೇರಿಸಿತು. ಹಗುರ ಶಿಕ್ಷೆಯ ಭರವಸೆಯಿಂದ ತಪ್ಪೊಪ್ಪಿಸಿ, ಮುಂದೆ ಶಿಕ್ಷೆಯನ್ನು ಹೆಚ್ಚಿಸುವುದು ಸಂವಿಧಾನದ 21ನೇ ಅನುಚ್ಛೇದಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಸಾರಿ, ಹೊಸ ವಿಚಾರಣೆಗೆ ಆದೇಶಿಸಿತು.

ಹಾಗಿದ್ದರೂ ಕಾಯಿದೆ ಬದಲಾದುದೇಕೆ? ಮೊಕದ್ದಮೆಗಳು ರಾಶಿಬಿದ್ದವು; ವಿಚಾರಣಾಧೀನ ಕೈದಿಗಳು ವರ್ಷಗಟ್ಟಲೆ ಸೆರೆಯಲ್ಲೇ ಉಳಿದರು. ಕಾನೂನು ಆಯೋಗವು 1991ರಲ್ಲಿ ಈ ಪದ್ಧತಿಯನ್ನು ಶಿಫಾರಸು ಮಾಡಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಮಳಿಮಠ ಅವರ ಸಮಿತಿಯೂ 2003ರಲ್ಲಿ ಅದನ್ನು ಅನುಮೋದಿಸಿತು. 2006ರ ಜುಲೈ 5ರಂದು ಇದು ಜಾರಿಗೆ ಬಂದಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿದೆ.

ನಮ್ಮ ಕಾಯಿದೆಗೆ ಕಡಿವಾಣಗಳುಂಟು. 7 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಿಗೆ, ಮಹಿಳೆಯರ ಹಾಗೂ ಮಕ್ಕಳ ಮೇಲಿನ ಅಪರಾಧಗಳಿಗೆ ಇದು ಅನ್ವಯಿಸದು. ಆರೋಪಿಯೇ ಅರ್ಜಿ ಸಲ್ಲಿಸಬೇಕು. ಅದು ಸ್ವಇಚ್ಛೆಯದೇ ಎಂದು ನ್ಯಾಯಾಧೀಶರು ಅವನನ್ನು ಗೋಪ್ಯವಾಗಿ ವಿಚಾರಿಸಬೇಕು. ನೊಂದವರಿಗೂ ಮಾತುಕತೆಯಲ್ಲಿ ಸ್ಥಾನವಿದೆ, ಪರಿಹಾರಕ್ಕೂ ಅವಕಾಶವಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜಾಮೀನಿಗೆ ಹಣವಿಲ್ಲದೆ ಸೆರೆಯಲ್ಲಿರುವ ಬಡವನಿಗೆ, ತಪ್ಪೊಪ್ಪಿಕೊಂಡರೆ ಬೇಗ ಮನೆ ಸೇರುವೆ ಎಂದಾಗ, ಅವನ ಒಪ್ಪಿಗೆ ನಿಜಕ್ಕೂ ಸ್ವಇಚ್ಛೆಯದೇ? ಅರ್ಜಿಗೆ ಮುನ್ನ ಅವನ ಪಕ್ಕದಲ್ಲಿ ಸಮರ್ಥ ವಕೀಲರು ಇರಬೇಕು. ವಿಚಾರಣೆ ಬೇಡವೆನ್ನಲು ಅವನು ಸ್ವತಂತ್ರನಾಗುವುದು, ವಿಚಾರಣೆ ಬೇಕೆಂದರೆ ಅದು ಬೇಗ ನಡೆಯುವಂತಿದ್ದಾಗ ಮಾತ್ರ. ವಿದ್ಯಾರ್ಥಿ ಮಿತ್ರರು ಈ ದಿಸೆಯಲ್ಲಿ ಚರ್ಚಿಸಲಿ.