ವೆನಿಸ್ಸಿನ ಇಬ್ಬರು ಹೆಣ್ಣುಮಕ್ಕಳು

'ದಿ ಮರ್ಚೆಂಟ್ ಆಫ್ ವೆನಿಸ್' ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ನ್ಯಾಯಾಲಯದ ದೃಶ್ಯ. ಚಾಕು ಮಸೆಯುತ್ತ ನಿಂತ ಶೈಲಾಕ್, ಎದೆಯೊಡ್ಡಿದ ಆಂಟೋನಿಯೊ, ವಕೀಲನ ವೇಷದಲ್ಲಿ ಬಂದು ಒಂದು ಪೌಂಡ್ ಮಾಂಸದ ಕರಾರನ್ನು ತಲೆಕೆಳಗು ಮಾಡುವ ಪೋರ್ಷಿಯಾ. ಆ ಒಂದು ದೃಶ್ಯವನ್ನಷ್ಟೇ ಪಠ್ಯದಲ್ಲಿ ಓದಿದವರಿಗೆ ಇದು ಜಾಣ ಹೆಣ್ಣೊಬ್ಬಳು ಗೆದ್ದ ಕಥೆ. ಆದರೆ ಶೈಲಾಕನಿಗೆ ಒಬ್ಬಳು ಮಗಳಿದ್ದಳು, ಆ ಹೊತ್ತಿಗೆ ಅವಳು ಅಪ್ಪನ ಮನೆಯನ್ನೂ ಧರ್ಮವನ್ನೂ ಬಿಟ್ಟು ಹೋಗಿದ್ದಳು ಎಂಬುದು ಎಷ್ಟು ಜನರಿಗೆ ನೆನಪಿದೆ?

ಆ ಮಗಳ ಹೆಸರು ಜೆಸಿಕಾ. ಅವಳ ಕಡೆಯಿಂದ ಓದಿದರೆ ಈ ನಾಟಕ ಬೇರೆಯೇ ಆಗಿ ಕಾಣುತ್ತದೆ.

ಮೊದಲು ಈ ನಾಟಕ ಹುಟ್ಟಿದ ಲಂಡನ್ನನ್ನು ನೋಡೋಣ. ಒಂದನೆಯ ಎಡ್ವರ್ಡ್ ಇಂಗ್ಲೆಂಡಿನಿಂದ ಯಹೂದಿಗಳನ್ನು ಹೊರಹಾಕಿದ್ದು 1290ರಲ್ಲಿ. ಷೇಕ್ಸ್‌ಪಿಯರ್ ಈ ನಾಟಕ ಬರೆಯುವ ಹೊತ್ತಿಗೆ ಮುನ್ನೂರು ವರ್ಷ ಕಳೆದಿತ್ತು. ತನ್ನ ಧರ್ಮವನ್ನು ಬಹಿರಂಗವಾಗಿ ಪಾಲಿಸುವ ಯಹೂದಿಯೊಬ್ಬನನ್ನು ಅಲ್ಲಿನ ಪ್ರೇಕ್ಷಕರಲ್ಲಿ ಹೆಚ್ಚಿನವರು ಕಂಡಿರಲೇ ಇಲ್ಲ. ಕಾಣದವರನ್ನು ದ್ವೇಷಿಸುವುದು ಸುಲಭ. ಎಲಿಜಬೆತ್ ರಾಣಿಯ ವೈದ್ಯ ರೊಡೆರಿಗೊ ಲೋಪೆಜ್ ಪೋರ್ಚುಗಲ್ ಮೂಲದ, ಮತಾಂತರಗೊಂಡ ಯಹೂದಿ ಮನೆತನದವನು. ರಾಣಿಗೆ ವಿಷವಿಕ್ಕಲು ಸಂಚು ಮಾಡಿದನೆಂಬ ಆರೋಪದ ಮೇಲೆ 1594ರಲ್ಲಿ ಅವನನ್ನು ಸಾರ್ವಜನಿಕವಾಗಿ ಕೊಂದರು. ಅದೇ ದಿನಗಳಲ್ಲಿ ಮಾರ್ಲೋನ 'ದಿ ಜ್ಯೂ ಆಫ್ ಮಾಲ್ಟಾ' ರಂಗದ ಮೇಲೆ ಜನ ಸೇರಿಸುತ್ತಿತ್ತು. ಅದರಲ್ಲೂ ಒಬ್ಬ ಯಹೂದಿ ಅಪ್ಪ, ಕ್ರೈಸ್ತಳಾಗುವ ಒಬ್ಬ ಮಗಳು.

ಬಡ್ಡಿ ವ್ಯವಹಾರವಂತೂ ಯಹೂದಿಗಳದ್ದಷ್ಟೇ ಆಗಿರಲಿಲ್ಲ. ಷೇಕ್ಸ್‌ಪಿಯರನ ತಂದೆ ಜಾನ್ ಮೇಲೆಯೇ 1570ರಲ್ಲಿ ಅತಿಬಡ್ಡಿ ಪಡೆದ ಆರೋಪ ಬಂದಿತ್ತು. 1571ರ ಕಾನೂನಿನ ನಂತರ ಶೇಕಡಾ 10ರವರೆಗಿನ ಬಡ್ಡಿಯನ್ನು ಇಂಗ್ಲೆಂಡ್ ಸಹಿಸಿಕೊಂಡಿತ್ತು. ತಮ್ಮ ನಡುವೆ ದಿನವೂ ನಡೆಯುವ ವ್ಯವಹಾರದ ಪಾಪವನ್ನು ದೂರದ ಊರಿನ ಒಬ್ಬ ಯಹೂದಿಯ ತಲೆಗೆ ಕಟ್ಟಿ, ಜನ ಹಗುರಾಗಿ ಮನೆಗೆ ಹೋಗಬಹುದಿತ್ತು.

ಈಗ ಜೆಸಿಕಾಳ ಬಳಿ ಬರೋಣ. ಅಪ್ಪನ ಮನೆ ಅವಳಿಗೆ ನರಕ. ಅವನ ಮಗಳೆಂಬುದೇ ನಾಚಿಕೆ. ಒಂದು ರಾತ್ರಿ ಹುಡುಗನ ವೇಷ ತೊಟ್ಟು, ಅಪ್ಪನ ಹಣ ಒಡವೆಗಳನ್ನು ಎತ್ತಿಕೊಂಡು, ಲೊರೆಂಜೊ ಎಂಬ ಕ್ರೈಸ್ತ ತರುಣನೊಂದಿಗೆ ಹೊರಟುಬಿಡುತ್ತಾಳೆ. ಗಂಡ ತನ್ನನ್ನು ಕ್ರೈಸ್ತಳಾಗಿಸಿ ಉದ್ಧರಿಸುತ್ತಾನೆಂಬುದು ಅವಳ ನಂಬಿಕೆ. ಮುಂದೆ ಶೈಲಾಕನಿಗೆ ಸುದ್ದಿ ಬರುತ್ತದೆ: ಜಿನೋವಾದಲ್ಲಿ ಅವಳು ಒಂದು ಕೋತಿಗಾಗಿ ಉಂಗುರವನ್ನು ಕೊಟ್ಟುಬಿಟ್ಟಳಂತೆ. ಅದು ಅವನಿಗೆ ಮದುವೆಗೆ ಮುಂಚೆ ಲೇಯಾ ಕೊಟ್ಟಿದ್ದ ಉಂಗುರ. ಹಣದ ಲೆಕ್ಕದಲ್ಲಿ ಮುಳುಗಿದ್ದವನು ಆ ಒಂದು ಕ್ಷಣ ಹೆಂಡತಿಯನ್ನು ಕಳೆದುಕೊಂಡ ಗಂಡನಾಗಿ ಕಾಣುತ್ತಾನೆ.

ಪೋರ್ಷಿಯಾಳ ಸ್ಥಿತಿಯೂ ಮೇಲ್ನೋಟಕ್ಕೆ ಕಾಣುವಷ್ಟು ಸ್ವತಂತ್ರವಲ್ಲ. ಸತ್ತ ತಂದೆಯ ಉಯಿಲು ಅವಳನ್ನು ಕಟ್ಟಿಹಾಕಿದೆ. ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳಲ್ಲಿ ಸರಿಯಾದುದನ್ನು ಆರಿಸಿದವನೇ ಅವಳ ಗಂಡ. ತಾನೇ ಕಟ್ಟುಪಾಡಿಗೆ ಸಿಕ್ಕಿದವಳಾದರೂ, ಸೋತು ಹೋದ ಮೊರಾಕ್ಕೊದ ರಾಜಕುಮಾರನ ಮೈಬಣ್ಣದ ಬಗ್ಗೆ ಅವಳಾಡುವ ಮಾತು ಕಹಿ ಹುಟ್ಟಿಸುತ್ತದೆ. ನ್ಯಾಯಾಲಯಕ್ಕೆ ಅವಳು ಹೆಣ್ಣಾಗಿ ಬರುವಂತಿಲ್ಲ, ಗಂಡಿನ ಉಡುಪು ಬೇಕು. ಅಂದಿನ ಲಂಡನ್ನಿನ ವೃತ್ತಿರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು ಎಂಬುದನ್ನು ನೆನೆದರೆ, ಹೆಣ್ಣಿನ ವೇಷದ ಹುಡುಗ ಮತ್ತೆ ಗಂಡಿನ ವೇಷ ತೊಡುವ ವಿಚಿತ್ರ ಅದು.

ಅಲ್ಲಿ ಅವಳು ಗೆಲ್ಲುವುದು ಹೇಗೆ? ಮೊದಲು ಮಾಂಸ ಉಂಟು, ರಕ್ತವಿಲ್ಲ ಎಂಬ ಪ್ರಸಿದ್ಧ ವಾದ. ಅದು ಆಂಟೋನಿಯೊನನ್ನು ಉಳಿಸುತ್ತದೆ. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅವಳು ಇನ್ನೊಂದು ಕಾನೂನು ತೆಗೆಯುತ್ತಾಳೆ: ಪರಕೀಯನೊಬ್ಬ ವೆನಿಸ್ಸಿನ ನಾಗರಿಕನ ಜೀವಕ್ಕೆ ಕೈ ಹಾಕಿದರೆ ಅವನ ಆಸ್ತಿ ಹೋಗುತ್ತದೆ, ಜೀವ ಡ್ಯೂಕನ ಕೃಪೆಗೆ ಬಿಟ್ಟದ್ದು. ಹೆಣ್ಣಿಗೆ ಬಾಗಿಲು ತೆರೆಯದ ನ್ಯಾಯಾಲಯಕ್ಕೆ ವೇಷ ಮರೆಸಿ ಬಂದವಳು, ಇನ್ನೊಬ್ಬ ಹೊರಗಿನವನನ್ನು ಅವನು ಹೊರಗಿನವನೆಂಬ ಕಾರಣಕ್ಕೇ ಮಣಿಸುತ್ತಾಳೆ. ಶೈಲಾಕ್ ಕ್ರೈಸ್ತನಾಗಬೇಕು, ಸತ್ತ ಮೇಲೆ ಆಸ್ತಿ ಲೊರೆಂಜೊ ಮತ್ತು ಜೆಸಿಕಾಗೆ ಸೇರಬೇಕು ಎಂಬ ಷರತ್ತು ಹಾಕುವವನು ಆಂಟೋನಿಯೊ. ಒಪ್ಪಿಗೆಯೇ ಎಂದು ಶೈಲಾಕನನ್ನು ಕೇಳುವವಳು ಪೋರ್ಷಿಯಾ. ಅಂದಿನ ಪ್ರೇಕ್ಷಕರಲ್ಲಿ ಅನೇಕರಿಗೆ ಇದು ಆತ್ಮವನ್ನು ಉಳಿಸುವ ದಯೆಯಾಗಿ ಕಂಡಿರಬೇಕು. ಶೈಲಾಕನಿಗೆ ಮಾತ್ರ ಅದು ಬದುಕು, ಬಂಧುಬಳಗ, ಪ್ರಾರ್ಥನಾಮಂದಿರ ಎಲ್ಲವೂ ಒಟ್ಟಿಗೆ ಹೋದ ಗಳಿಗೆ. ಈ ನಾಟಕದಲ್ಲಿ ಧರ್ಮದ ಗೋಡೆ ದಾಟಬಹುದು, ಆದರೆ ಒಂದೇ ದಿಕ್ಕಿಗೆ: ಮಗಳು ಮದುವೆಯಿಂದ, ಅಪ್ಪ ಬೆದರಿಕೆಯಿಂದ.

ನಿಜವಾದ ವೆನಿಸ್ಸಿನಲ್ಲಿ ಆ ಗೋಡೆ ಕಣ್ಣಿಗೆ ಕಾಣುತ್ತಿತ್ತು. 1516ರಲ್ಲಿ ಅಲ್ಲಿನ ಸೆನೆಟ್ ಯಹೂದಿಗಳೆಲ್ಲ ಒಂದೇ ಕಡೆ ವಾಸಿಸಬೇಕೆಂದು ಆಜ್ಞೆ ಮಾಡಿತು. ಹಿಂದೆ ಲೋಹದ ಎರಕ ಹೊಯ್ಯುತ್ತಿದ್ದ, ಕಾಲುವೆ ಸುತ್ತುವರಿದ ಆ ಜಾಗವೇ ಘೆಟ್ಟೊ. ರಾತ್ರಿ ಅದರ ಬಾಗಿಲು ಮುಚ್ಚುತ್ತಿತ್ತು. ಕಾವಲುಗಾರರು ಕ್ರೈಸ್ತರು, ಅವರ ಸಂಬಳ ಯಹೂದಿಗಳ ತಲೆಯ ಮೇಲೆ. ಷೇಕ್ಸ್‌ಪಿಯರನ ನಾಟಕದಲ್ಲಿ ಘೆಟ್ಟೊದ ಮಾತೇ ಇಲ್ಲ. ಇದ್ದಿದ್ದರೆ ಜೆಸಿಕಾ ರಾತ್ರಿ ಅಷ್ಟು ಸುಲಭವಾಗಿ ಹೊರಟುಹೋಗಲು ಆಗುತ್ತಿರಲಿಲ್ಲ.

ಆ ಬಾಗಿಲ ಒಳಗೆ ನಿಜವಾಗಿ ಬದುಕಿದ ಒಬ್ಬ ಯಹೂದಿ ವ್ಯಾಪಾರಿಯ ಮಗಳಿದ್ದಳು, ಸಾರಾ ಕೊಪಿಯಾ ಸುಲ್ಲಾಂ. ನಾಟಕ 1600ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಅವಳಿನ್ನೂ ಮಗು. ಬೆಳೆದು ಇಟಾಲಿಯನ್ ಭಾಷೆಯಲ್ಲಿ ಕವಿತೆ ಬರೆದಳು. ಘೆಟ್ಟೊದ ಅವಳ ಮನೆಗೆ ಯಹೂದಿ ವಿದ್ವಾಂಸರೂ ಕ್ರೈಸ್ತ ವಿದ್ವಾಂಸರೂ ಚರ್ಚೆಗೆ ಬರುತ್ತಿದ್ದರು. ಎಸ್ತೇರ್ ರಾಣಿಯ ಕಥೆಯನ್ನು ಕಾವ್ಯವಾಗಿ ಬರೆದ ಜಿನೋವಾದ ಕವಿ ಅನ್ಸಾಲ್ಡೊ ಸೆಬಾನಿಗೆ ಮೆಚ್ಚಿ ಕಾಗದ ಬರೆದಳು. ನಾಲ್ಕು ವರ್ಷ ಪತ್ರ ನಡೆಯಿತು. ಅವಳು ಕ್ರೈಸ್ತಳಾಗಬೇಕೆಂದು ಅವನು ಮತ್ತೆ ಮತ್ತೆ ಒತ್ತಾಯಿಸಿದ. ಅವಳು ಒಪ್ಪಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ.

1621ರಲ್ಲಿ ಅವಳ ಮನೆಗೆ ಬರುತ್ತಿದ್ದ ಪಾದ್ರಿ ಬಾಲ್ದಸಾರೆ ಬೊನಿಫಾಚೊ ಒಂದು ಪುಸ್ತಕ ಅಚ್ಚು ಮಾಡಿಸಿ, ಆತ್ಮದ ಅಮರತ್ವವನ್ನು ಸಾರಾ ನಂಬುವುದಿಲ್ಲ ಎಂದು ಆರೋಪಿಸಿದ. ಅಂದಿನ ವೆನಿಸ್ಸಿನಲ್ಲಿ, ಅದೂ ಯಹೂದಿ ಹೆಣ್ಣೊಬ್ಬಳ ಮೇಲೆ, ಇದು ಅಪಾಯಕಾರಿ ಆರೋಪ. ಸಾರಾ ಅದೇ ವರ್ಷ 'ಮ್ಯಾನಿಫೆಸ್ಟೊ' ಎಂಬ ಉತ್ತರವನ್ನು ತನ್ನ ಹೆಸರಿನಲ್ಲೇ ಪ್ರಕಟಿಸಿದಳು. ಆರೋಪ ಸುಳ್ಳೆಂದಳು, ಪಾದ್ರಿಯ ತರ್ಕದ ಹುಳುಕುಗಳನ್ನು ಎತ್ತಿ ತೋರಿಸಿದಳು. ವಾದ ಮಾಡಲು ಅವಳಿಗೆ ಗಂಡಿನ ವೇಷ ಬೇಕಾಗಲಿಲ್ಲ. ಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ ಗೊತ್ತೆ? ತೀರಿಕೊಂಡಿದ್ದ ತನ್ನ ಅಪ್ಪನಿಗೆ.

ಜೆಸಿಕಾಳನ್ನು ನಾವು ದೂರಬೇಕಿಲ್ಲ. ಮನೆ ಬಿಡುವ ಹಕ್ಕು, ಧರ್ಮ ಬಿಡುವ ಹಕ್ಕು ಯಾವ ಮಗಳಿಗೂ ಇರಬೇಕು. ಆದರೆ ಯಹೂದಿ ಮಗಳೊಬ್ಬಳು ಒಳ್ಳೆಯವಳಾಗಲು ಅಪ್ಪನನ್ನು ಅಲ್ಲಗಳೆಯಲೇಬೇಕು ಎಂದು ಅಂದಿನ ಲಂಡನ್ನಿನ ರಂಗಭೂಮಿ ನಂಬಿತ್ತು. ಅಷ್ಟಾದರೂ ಅವಳನ್ನು ಅದು ಪೂರ್ತಿ ಒಳಗೆ ಸೇರಿಸಿಕೊಳ್ಳಲಿಲ್ಲ. ಕೊನೆಯ ಅಂಕದಲ್ಲಿ ಬೆಳದಿಂಗಳು, ಸಂಗೀತ, ಜೋಡಿಗಳ ಸರಸ. ಇಂಪಾದ ಸಂಗೀತ ಕೇಳಿದಾಗ ತನಗೆ ಉಲ್ಲಾಸವಾಗುವುದಿಲ್ಲ ಎಂದಷ್ಟೇ ಹೇಳಿದ ಜೆಸಿಕಾ ಆಮೇಲೆ ಬಾಯಿ ತೆರೆಯುವುದಿಲ್ಲ. ಅಪ್ಪನ ಆಸ್ತಿ ತಮಗೆ ಬರುತ್ತದೆಂಬ ಸುದ್ದಿ ತಲುಪಿದಾಗ ಸಂತೋಷಪಡುವವನು ಲೊರೆಂಜೊ. ಅವಳು ಏನೂ ಹೇಳುವುದಿಲ್ಲ.

ಸಾರಾಳ ಮಾತೂ ಪೂರ್ತಿಯಾಗಿ ನಮ್ಮ ತನಕ ಬರಲಿಲ್ಲ. ಸೆಬಾ ತೀರಿಕೊಂಡ ಮೇಲೆ, 1623ರಲ್ಲಿ, ಅವನು ಅವಳಿಗೆ ಬರೆದ ಪತ್ರಗಳು ಪುಸ್ತಕವಾದವು. ಅವಳು ಅವನಿಗೆ ಬರೆದ ಪತ್ರಗಳು ಉಳಿದಿಲ್ಲ. ಅವನು ಮತ್ತೆ ಮತ್ತೆ ಕೇಳಿದ್ದು ಅಚ್ಚಿನಲ್ಲಿದೆ. ಅವಳು ಪ್ರತಿ ಸಲ 'ಇಲ್ಲ' ಎಂದದ್ದನ್ನು ನಾವು ಅವನ ಸಾಲುಗಳ ನಡುವೆ ಹುಡುಕಿಕೊಳ್ಳಬೇಕು.