ಹಳೆಯ ವೆಬ್ ಕೆಲಸ ಗೊತ್ತಿದ್ದವರು ಮೊದಲಿನಿಂದ ಕಲಿಯಬೇಕೇ?

"ಎಚ್‌ಟಿಎಂಎಲ್ ಕಾಲ ಮುಗಿಯಿತು, ಹೊಸ ಫ್ರೇಮ್‌ವರ್ಕ್ ಕೋರ್ಸ್ ಮಾಡದಿದ್ದರೆ ಕೆಲಸವಿಲ್ಲ" ಎಂಬ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಹತ್ತು ವರ್ಷದ ಹಿಂದೆ ವೆಬ್‌ಸೈಟ್ ಮಾಡುತ್ತಿದ್ದು, ಮನೆ ಮಕ್ಕಳು ಎಂದು ಕೆಲಸ ಬಿಟ್ಟು, ಈಗ ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಯಲ್ಲಿ ಮನೆಯಿಂದಲೇ ಮತ್ತೆ ಶುರು ಮಾಡಬೇಕೆನ್ನುವವರು ಇದನ್ನು ನಂಬಿ ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ಮುನ್ನ ನಿಜಾಂಶ ತಿಳಿಯುವುದು ಒಳ್ಳೆಯದು.

ಫ್ರೇಮ್‌ವರ್ಕ್ ಎಂದರೇನು?

ವೆಬ್‌ಸೈಟಿಗೆ ಪದೇ ಪದೇ ಬೇಕಾಗುವ ಭಾಗಗಳಿಗೆ ಮೊದಲೇ ಬರೆದಿಟ್ಟ ಕೋಡ್ ಮತ್ತು ಅದನ್ನು ಜೋಡಿಸುವ ಪದ್ಧತಿ. ರಿಯಾಕ್ಟ್ (2013), ವ್ಯೂ (2014), ಸ್ವೆಲ್ಟ್ (2016) ಹೆಸರಾದವು. ಯಾವುದರಲ್ಲಿ ಬರೆದರೂ ಬ್ರೌಸರ್ ಕೊನೆಗೆ ತೋರಿಸುವ ಪುಟ ನಿಂತಿರುವುದು ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಮೇಲೆಯೇ. ಹಾಗಾಗಿ ನಿಮ್ಮ ಹಳೆಯ ಕಲಿಕೆ ವ್ಯರ್ಥವಲ್ಲ.

ಹಾಗಾದರೆ ಬದಲಾಗಿದ್ದೇನು?

• ಫ್ಲ್ಯಾಶ್ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ನಿಂತಿತು. ಹಳೆಯ ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಕೊನೆಗೆ ಮುಗಿಯಿತು.
• ಪುಟವನ್ನು ಟೇಬಲ್‌ಗಳಲ್ಲಿ ಜೋಡಿಸುವ ಕಾಲ ಹೋಯಿತು. 2017ರಿಂದ ಮುಖ್ಯ ಬ್ರೌಸರ್‌ಗಳಲ್ಲಿ ಸಿಎಸ್‌ಎಸ್ ಗ್ರಿಡ್ ಇದೆ. ಪುಟ ಮೊದಲು ಮೊಬೈಲ್‌ನಲ್ಲಿ ಸರಿಯಾಗಿ ಕಾಣಬೇಕು.
• ಕನ್ನಡ ಪುಟಕ್ಕೆ ಓದುಗರು ಫಾಂಟ್ ಇಳಿಸಿಕೊಳ್ಳಬೇಕಿದ್ದ ದಿನಗಳಿದ್ದವು. ಈಗ ಯೂನಿಕೋಡ್‌ನಲ್ಲಿ ಬರೆದರೆ ಸಾಮಾನ್ಯ ಫೋನಿನಲ್ಲೂ ಕಾಣುತ್ತದೆ, ಹುಡುಕಿದರೂ ಸಿಗುತ್ತದೆ.

ಯಾವುದನ್ನು ಆರಿಸಬೇಕು?

• ಅಂಗಡಿ, ಕ್ಲಿನಿಕ್, ಶಾಲೆಯ ಮಾಹಿತಿ ಪುಟಕ್ಕೆ ಫ್ರೇಮ್‌ವರ್ಕ್ ಬೇಕಿಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್ ಅಥವಾ ವರ್ಡ್‌ಪ್ರೆಸ್ ಸಾಕು.
• ಬುಕಿಂಗ್, ಲೆಕ್ಕಪತ್ರದಂತೆ ಪರದೆ ಕ್ಷಣಕ್ಷಣಕ್ಕೂ ಬದಲಾಗುವ ಕೆಲಸಕ್ಕೆ ಫ್ರೇಮ್‌ವರ್ಕ್ ಅನುಕೂಲ. ಹಳೆಯ ಎಚ್‌ಟಿಎಂಎಲ್ ಅಭ್ಯಾಸವಿದ್ದವರಿಗೆ ವ್ಯೂ ಬೇಗ ಕೈಗೆ ಹತ್ತುತ್ತದೆ.
• ಕಂಪನಿ ಕೆಲಸ ಬೇಕಿದ್ದರೆ, ನೀವು ಅರ್ಜಿ ಹಾಕಲಿರುವ ಹತ್ತಿಪ್ಪತ್ತು ಜಾಹೀರಾತು ನೋಡಿ. ಹೆಚ್ಚು ಕಡೆ ಕೇಳಿರುವುದನ್ನೇ ಕಲಿಯಿರಿ. ಅದು ರಿಯಾಕ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು.

ಯಾವುದೇ ಫ್ರೇಮ್‌ವರ್ಕ್‌ಗೆ ಮುನ್ನ ಜಾವಾಸ್ಕ್ರಿಪ್ಟ್‌ನ 2015ರ ನಂತರದ ಬದಲಾವಣೆ ಕಲಿಯಿರಿ. ಅದಿಲ್ಲದೆ ರಿಯಾಕ್ಟ್ ಪಾಠ ಅರ್ಥವಾಗುವುದು ಕಷ್ಟ.

ಶುಲ್ಕ ಕಟ್ಟುವ ಮುನ್ನ

ಈ ಮೂರರ ಅಧಿಕೃತ ಪಾಠಗಳೂ ಜಾಲತಾಣಗಳಲ್ಲಿ ಉಚಿತ. ರಿಯಾಕ್ಟ್ ಕೋರ್ಸ್ ಸೇರುವುದಾದರೆ, ಹೊಸ ಯೋಜನೆಯನ್ನು ಯಾವುದರಿಂದ ಶುರು ಮಾಡಿಸುತ್ತೀರಿ ಎಂದು ಕೇಳಿ. "ಕ್ರಿಯೇಟ್ ರಿಯಾಕ್ಟ್ ಆ್ಯಪ್" ಎಂದರೆ ಪಾಠ ಹಳೆಯದು. ಹೊಸ ಕೆಲಸಕ್ಕೆ ಅದು ಬೇಡವೆಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೇಳಿದೆ.

ತೀರ್ಮಾನ: ಸಂದೇಶ ಅರ್ಧಸತ್ಯ. ಉಪಕರಣ ಬದಲಾಗಿದೆ, ತಳಪಾಯ ಅದೇ ಇದೆ. ಮೊದಲು ಒಂದು ಚಿಕ್ಕ ಪುಟ ಮಾಡಿ ನೋಡಿ, ಹಣದ ವಿಚಾರ ಆಮೇಲೆ.